ಐವಿಎ ಇದ್ದವರಿಗೆ ಬ್ರಿಟನ್ನಿನಲ್ಲಿ ಬಾಡಿಗೆ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಕನ್ನಡದವರು ನನ್ನನ್ನು ಫೋನಿನಲ್ಲಿ, ದೇವಸ್ಥಾನದ ಹೊರಗೆ, ಯುಗಾದಿ ಊಟದ ಪಂಕ್ತಿಯಲ್ಲಿ ಮೆಲ್ಲಗೆ ಕೇಳಿದ ಪ್ರಶ್ನೆಗಳಿವು. ಸಾಲದ ಮಾತನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಕೆಲಸ ಹೋಗಿ, ಕ್ರೆಡಿಟ್ ಕಾರ್ಡುಗಳು ತುಂಬಿ, ನಾನೂ 5 ವರ್ಷ ಐವಿಎ ಅನ್ನುವ ಸಾಲ ತೀರಿಸುವ ಒಪ್ಪಂದದಲ್ಲಿ ಇದ್ದವನು. ಆ 5 ವರ್ಷದಲ್ಲಿ ಹೆಂಡತಿ, ಮಗಳ ಜೊತೆ ಎರಡು ಸಲ ಮನೆ ಬದಲಿಸಿದೆ. ನಾನು ವಕೀಲನಲ್ಲ, ಸಾಲದ ಸಲಹೆಗಾರನೂ ಅಲ್ಲ. ಅನುಭವದಿಂದ ಮತ್ತು ಓದಿನಿಂದ ತಿಳಿದದ್ದನ್ನು ಬರೆದಿದ್ದೇನೆ. ಬೇರೆ ಅಂತ ಹೇಳದ ಕಡೆಯೆಲ್ಲ ಇದು ಇಂಗ್ಲೆಂಡಿನ ನಿಯಮ.

ಐವಿಎ ಅಂದರೆ ಸರಿಯಾಗಿ ಏನು?

ಇಂಡಿವಿಜುವಲ್ ವಾಲಂಟರಿ ಅರೇಂಜ್‌ಮೆಂಟ್. 1986ರ ಇನ್‌ಸಾಲ್ವೆನ್ಸಿ ಕಾಯ್ದೆಯ ಕೆಳಗೆ ನೀವು ಮತ್ತು ಸಾಲ ಕೊಟ್ಟವರು ಮಾಡಿಕೊಳ್ಳುವ ಒಪ್ಪಂದ ಇದು. ಮನೆ ಖರ್ಚು ಕಳೆದು ತಿಂಗಳಿಗೆ ಎಷ್ಟು ಉಳಿಯುತ್ತದೋ ಅದನ್ನು ಸಾಮಾನ್ಯವಾಗಿ 5 ಅಥವಾ 6 ವರ್ಷ ಕಟ್ಟುತ್ತೀರಿ. ಆಮೇಲೆ ಆ ಪಟ್ಟಿಯಲ್ಲಿರುವ ಸಾಲದಲ್ಲಿ ಎಷ್ಟು ಉಳಿದಿದ್ದರೂ ಅದು ಮನ್ನಾ. ಮತ ಹಾಕಿದವರ ಸಾಲದ ಮೊತ್ತದಲ್ಲಿ ಮುಕ್ಕಾಲು ಭಾಗ ಒಪ್ಪಿದರೆ ಸಾಕು, ಒಪ್ಪದ ಬ್ಯಾಂಕೂ ಅದಕ್ಕೆ ಕಟ್ಟುಬೀಳಬೇಕು. ಇದನ್ನು ಬರೆದು ನಡೆಸಲು ಲೈಸೆನ್ಸ್ ಇರುವ ಒಬ್ಬರು ಇರುತ್ತಾರೆ. ಅವರೇ ನಿಮ್ಮ ಸೂಪರ್‌ವೈಸರ್. ಈ ಹೆಸರು ನೆನಪಿರಲಿ, ಮುಂದೆ ಹಲವು ಸಲ ಬರುತ್ತದೆ.

ಮನೆ ಓನರ್‌ಗೆ, ಏಜೆಂಟಿಗೆ ಇದು ಗೊತ್ತಾಗುತ್ತಾ?

ಗೊತ್ತಾಗುತ್ತದೆ ಅಂತಲೇ ಇಟ್ಟುಕೊಳ್ಳಿ. ಎರಡು ದಾರಿಯಲ್ಲಿ ಗೊತ್ತಾಗುತ್ತದೆ.

ಒಂದು, ಇನ್‌ಸಾಲ್ವೆನ್ಸಿ ರಿಜಿಸ್ಟರ್, ಅಂದರೆ ಸಾಲ ತೀರಿಸಲಾಗದವರ ಪಟ್ಟಿ. ಸರ್ಕಾರದ್ದು, ಆನ್‌ಲೈನ್‌ನಲ್ಲಿದೆ, ಯಾರು ಬೇಕಾದರೂ ದುಡ್ಡಿಲ್ಲದೆ ಹುಡುಕಬಹುದು. ನಿಮ್ಮ ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಅಲ್ಲಿರುತ್ತದೆ. (ಮನೆಯಲ್ಲಿ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರು ಕೋರ್ಟಿಗೆ ಅರ್ಜಿ ಹಾಕಿ ವಿಳಾಸ ಕಾಣದಂತೆ ಮಾಡಿಸಿಕೊಳ್ಳಬಹುದು. ಅಂಥವರು ಐವಿಎಗೆ ಮೊದಲೇ ಈ ಮಾತು ಎತ್ತಬೇಕು.)

ಇನ್ನೊಂದು, ಕ್ರೆಡಿಟ್ ಫೈಲ್, ಅಂದರೆ ನಿಮ್ಮ ಸಾಲದ ಇತಿಹಾಸ. ಅದನ್ನು ಇಡುವ ಏಜೆನ್ಸಿಗಳಾದ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಐವಿಎ ಶುರುವಾದ ದಿನದಿಂದ 6 ವರ್ಷ ಗುರುತು ಇರುತ್ತದೆ. ಬಾಡಿಗೆಗೆ ಮಾಡುವ ತಪಾಸಣೆ ಸಾಮಾನ್ಯವಾಗಿ ಮೇಲುಮೇಲಿನದು. ನಿಮ್ಮ ಕಾರ್ಡಿನಲ್ಲಿ ಎಷ್ಟು ಬಾಕಿ, ಯಾವ ತಿಂಗಳು ಕಂತು ತಪ್ಪಿತು ಅನ್ನುವುದನ್ನೆಲ್ಲ ಅವರು ನೋಡುವುದು ಕಡಿಮೆ. ಆದರೆ ಕೋರ್ಟ್ ತೀರ್ಪು, ದಿವಾಳಿ, ಐವಿಎ ಇವು ಸಾರ್ವಜನಿಕ ದಾಖಲೆ. ಅವರು ಮೊದಲು ನೋಡುವುದೇ ಅದನ್ನು.

ಹಾಗಾದರೆ ಮನೆ ಸಿಗೋದೇ ಇಲ್ವಾ?

ಸಿಗುತ್ತದೆ. ಐವಿಎ ಇದ್ದವರಿಗೆ ಬಾಡಿಗೆಗೆ ಕೊಡಬಾರದು ಅಂತ ಯಾವ ಕಾನೂನೂ ಇಲ್ಲ. ಕೊಡಲೇಬೇಕು ಅಂತಲೂ ಇಲ್ಲ. ಓನರ್ ಇಷ್ಟ.

ಓನರ್ ಪರವಾಗಿ ಈ ತಪಾಸಣೆ ಮಾಡುವ ರೆಫರೆನ್ಸಿಂಗ್ ಕಂಪನಿಗಳು ಕೊಡುವ ಉತ್ತರ ಹೆಚ್ಚಾಗಿ ಮೂರು ಬಗೆ: ಸರಿ, ಜಾಮೀನು ಇದ್ದರೆ ಸರಿ, ಬೇಡ. ಐವಿಎ ಇದ್ದವರಿಗೆ ಎರಡನೆಯದು ಅಥವಾ ಮೂರನೆಯದು ಬರುವುದೇ ಜಾಸ್ತಿ. ದೊಡ್ಡ ಏಜೆನ್ಸಿಗಳು ಕಂಪ್ಯೂಟರ್ ಹೇಳಿದ್ದನ್ನು ದಾಟಿ ಹೋಗುವುದಿಲ್ಲ. ತಾವೇ ಮನೆ ನೋಡಿಕೊಳ್ಳುವ ಸಣ್ಣ ಓನರ್‌ಗಳು ಮನುಷ್ಯನನ್ನು ನೋಡುತ್ತಾರೆ, ಎದುರು ಕೂತು ಮಾತಾಡುತ್ತಾರೆ. ನನಗೆ ಎರಡು ಸಲವೂ ಮನೆ ಸಿಕ್ಕಿದ್ದು ಅಂಥವರಿಂದಲೇ.

ಸಂಬಳದ ಲೆಕ್ಕವೂ ಇದೆ. ವರ್ಷದ ಸಂಬಳ ತಿಂಗಳ ಬಾಡಿಗೆಯ 30 ಪಟ್ಟು ಇರಬೇಕು ಅನ್ನುವುದು ಹೆಚ್ಚಿನವರ ಅಳತೆ. 1200 ಪೌಂಡ್ ಬಾಡಿಗೆಗೆ 36,000 ಸಂಬಳ. ಐವಿಎ ಇರುವಾಗ ಈ ಅಳತೆಯ ಅಂಚಿನಲ್ಲಿರುವ ಮನೆಗೆ ಕೈ ಹಾಕಬೇಡಿ, ಸ್ವಲ್ಪ ಕೆಳಗಿನದನ್ನು ನೋಡಿ. ಎರಡೂ ಕಡೆ ದುರ್ಬಲ ಆದರೆ ಯಾರಿಗೂ ಧೈರ್ಯ ಬರುವುದಿಲ್ಲ.

ಸುಮ್ನೆ ಹೇಳದೆ ಇದ್ದುಬಿಟ್ಟರೆ?

ದಯವಿಟ್ಟು ಹಾಗೆ ಮಾಡಬೇಡಿ. ಮಾಡಿ ನೋಡಿದವನ ಮಾತು ಇದು.

ಐವಿಎ ಶುರುವಾಗಿ ಒಂದು ವರ್ಷ ಆಗಿತ್ತು. ಮಗಳ ಶಾಲೆಗೆ ಹತ್ತಿರ ಒಂದು ಮನೆ ಇಷ್ಟವಾಯಿತು, ಬಾಡಿಗೆ 1100. ಫಾರ್ಮಿನಲ್ಲಿ "ಐವಿಎ, ದಿವಾಳಿ, ಕೋರ್ಟ್ ತೀರ್ಪು ಏನಾದರೂ ಇದೆಯೇ" ಎಂಬ ಪ್ರಶ್ನೆ ಇತ್ತು. ಇಲ್ಲ ಅಂತ ಟಿಕ್ ಹಾಕಿದೆ. ಕೈ ನಡುಗಿದ್ದು ಈಗಲೂ ನೆನಪಿದೆ. ಎರಡು ದಿನದಲ್ಲಿ ಏಜೆಂಟ್ ಫೋನ್ ಮಾಡಿದರು. ಮನೆ ಹೋಯಿತು. ಹೋಲ್ಡಿಂಗ್ ಡಿಪಾಸಿಟ್ ಅಂತ ಕೊಟ್ಟಿದ್ದ 253 ಪೌಂಡ್ ಕೂಡ ಹೋಯಿತು. ಕಾನೂನಿನ ಪ್ರಕಾರ ಅವರು ಮಾಡಿದ್ದು ಸರಿಯೇ ಆಗಿತ್ತು.

ಆ ಕಾನೂನು 2019ರ ಟೆನೆಂಟ್ ಫೀಸ್ ಆಕ್ಟ್. ಮನೆ ಹಿಡಿದಿಡಲು ಒಂದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ತಪಾಸಣೆಯ ಖರ್ಚು ಅಂತ ಬೇರೆ ಫೀಸ್ ತೆಗೆದುಕೊಳ್ಳುವಂತಿಲ್ಲ. ಓನರ್ ತಾನೇ ಬೇಡ ಅಂದರೆ ಆ ದುಡ್ಡನ್ನು 7 ದಿನದೊಳಗೆ ವಾಪಸ್ ಕೊಡಬೇಕು. ಆದರೆ ನೀವು ಸುಳ್ಳು ಅಥವಾ ದಾರಿ ತಪ್ಪಿಸುವ ಮಾಹಿತಿ ಕೊಟ್ಟಿದ್ದರೆ ಇಟ್ಟುಕೊಳ್ಳಬಹುದು. ಈ ವ್ಯತ್ಯಾಸ ಗಮನಿಸಿ. ನಿಜ ಹೇಳಿ ತಪಾಸಣೆಯಲ್ಲಿ ಫೇಲ್ ಆದರೆ ದುಡ್ಡು ನಿಮ್ಮದೇ. ಸುಳ್ಳು ಹೇಳಿ ಫೇಲ್ ಆದರೆ ಅವರದು. ಅಂದರೆ ನಿಜ ಹೇಳುವವರನ್ನು ಈ ಕಾನೂನು ಕಾಯುತ್ತದೆ. ಇದು ಆಗ ನನಗೆ ಗೊತ್ತಿದ್ದಿದ್ದರೆ ಆ ಟಿಕ್ ಹಾಕುತ್ತಿರಲಿಲ್ಲ.

ಸರಿ, ಹೇಳುತ್ತೇನೆ. ಯಾವಾಗ, ಹೇಗೆ ಹೇಳೋದು?

ಮನೆ ನೋಡಿ ಇಷ್ಟವಾದ ಮೇಲೆ, ದುಡ್ಡು ಕೊಡುವ ಮೊದಲು. ಈಮೇಲ್‌ನಲ್ಲಿ ಹೇಳಿ, ಹೇಳಿದ್ದಕ್ಕೆ ದಾಖಲೆ ಇರುತ್ತದೆ. ಕಥೆ ಉದ್ದ ಬೇಡ, ಕ್ಷಮೆ ಕೇಳುವುದೂ ಬೇಡ. ನಾನು ಬರೆದದ್ದು ಹೆಚ್ಚುಕಡಿಮೆ ಇಷ್ಟೇ: ಇಂಥ ತಿಂಗಳಿಂದ ಐವಿಎಯಲ್ಲಿದ್ದೇನೆ, ಒಂದು ಕಂತೂ ತಪ್ಪಿಲ್ಲ, ಬಾಡಿಗೆಯೂ ತಪ್ಪಿಲ್ಲ, ನನ್ನ ಸಂಬಳ ಇಷ್ಟು, ಕಾಗದ ಪತ್ರ ಜೊತೆಗಿದೆ, ಓನರ್‌ಗೆ ಒಮ್ಮೆ ಕೇಳಿ ನೋಡಿ.

ಜೊತೆಗೆ ಏನೇನು ಇಡಬೇಕು ಅಂದರೆ, ಕಳೆದ 12 ತಿಂಗಳು ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಈಗಿನ ಓನರ್‌ನಿಂದ ಒಂದು ಪತ್ರ, ಮೂರು ತಿಂಗಳ ಪೇಸ್ಲಿಪ್. ಐವಿಎ ಕಂತು ಸರಿಯಾಗಿ ಬರುತ್ತಿದೆ ಅಂತ ಸೂಪರ್‌ವೈಸರ್ ಆಫೀಸಿನಿಂದ ಒಂದು ಪತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಕೇಳಲು ಸಂಕೋಚ ಬೇಡ.

ನಾಲ್ಕು ಕಡೆ ಆಗಲ್ಲ ಅಂದರು. ಐದನೆಯವರು ಒಬ್ಬ ನಿವೃತ್ತ ಟೀಚರ್. ಫೋನ್ ಮಾಡಿ, "ಇಷ್ಟು ನೇರವಾಗಿ ಯಾರೂ ಹೇಳಿದ್ದಿಲ್ಲ, ಬಂದು ಮನೆ ನೋಡಿ" ಅಂದರು. ಆ ಮನೆಯಲ್ಲಿ ಮೂರು ವರ್ಷ ಇದ್ದೆವು.

ಆರು ತಿಂಗಳ ಬಾಡಿಗೆ ಮುಂಗಡ ಕೊಡ್ತೀನಿ ಅಂದರೆ ಒಪ್ಪಲ್ವಾ?

ಹಿಂದೆ ಇದೇ ದೊಡ್ಡ ದಾರಿಯಾಗಿತ್ತು. ಹೊಸದಾಗಿ ಬಂದ ನಮ್ಮ ಹುಡುಗರು, ಇಲ್ಲಿ ಕ್ರೆಡಿಟ್ ಇತಿಹಾಸವೇ ಇಲ್ಲದ ಕಾರಣ, ಊರಿಂದ ದುಡ್ಡು ತರಿಸಿ ಆರು ತಿಂಗಳ ಬಾಡಿಗೆ ಒಟ್ಟಿಗೆ ಕಟ್ಟುತ್ತಿದ್ದರು. ಐವಿಎ ಇದ್ದವರಿಗೂ ಇದನ್ನೇ ಹೇಳುತ್ತಿದ್ದರು. ಹಳೆಯ ಸಲಹೆ ಈಗಲೂ ಓಡಾಡುತ್ತಿದೆ.

ಇಂಗ್ಲೆಂಡಿನಲ್ಲಿ ಆ ಬಾಗಿಲು ಮುಚ್ಚಿತು. ರೆಂಟರ್ಸ್ ರೈಟ್ಸ್ ಆಕ್ಟ್ 2025ರ ಅಕ್ಟೋಬರ್ 27ರಂದು ಕಾಯ್ದೆಯಾಯಿತು. ಬಾಡಿಗೆಯ ಮುಖ್ಯ ನಿಯಮಗಳು ಜಾರಿಗೆ ಬರುವ ದಿನ 2026ರ ಮೇ 1. ಅಲ್ಲಿಂದ ಮುಂದಿನ ಹೊಸ ಬಾಡಿಗೆಗಳಲ್ಲಿ, ಕರಾರಿಗೆ ಸಹಿ ಆಗುವ ಮೊದಲು ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಸಹಿ ಆದ ಮೇಲೆ, ಮನೆಗೆ ಬರುವ ಮೊದಲು, ಒಂದು ತಿಂಗಳಿನದಕ್ಕಿಂತ ಹೆಚ್ಚು ಕೇಳುವಂತಿಲ್ಲ. ನೀವೇ ಮುಂದೆ ಬಂದು ಕೊಡ್ತೀನಿ ಅಂದರೂ ಆಗುವುದಿಲ್ಲ.

ಡಿಪಾಸಿಟ್ ಹೆಚ್ಚು ಕೊಡೋಣ ಅಂದರೆ ಅದಕ್ಕೂ ಮಿತಿ ಇದೆ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದ ನಮಗೆ ಇದು ತುಂಬಾ ಕಡಿಮೆ ಅನ್ನಿಸುತ್ತದೆ, ಅಲ್ವಾ? 1200 ಪೌಂಡ್ ಬಾಡಿಗೆಗೆ ಸುಮಾರು 1384. ಆ ದುಡ್ಡನ್ನು ಓನರ್ ತನ್ನ ಜೇಬಿನಲ್ಲಿಟ್ಟುಕೊಳ್ಳುವಂತಿಲ್ಲ, 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಗೆ ಸೇರಿಸಬೇಕು.

ಈ ಕಾಯ್ದೆ ಬಾಡಿಗೆದಾರರಿಗೆ ಬಹಳ ಒಳ್ಳೆಯದು, ನಾನು ಮನಸಾರೆ ಒಪ್ಪುತ್ತೇನೆ. ಆದರೆ ಐವಿಎ ಇರುವವರ ಕೈಯಲ್ಲಿದ್ದ ಒಂದು ದಾರಿ ಇದರಿಂದ ಹೋಯಿತು. ಉಳಿದದ್ದು ಜಾಮೀನು ಮತ್ತು ನಿಮ್ಮ ಮಾತಿನ ಮೇಲಿನ ನಂಬಿಕೆ.

ಜಾಮೀನು ಕೇಳ್ತಾರೆ. ನಮ್ಮಪ್ಪ ಹಾಸನದಲ್ಲಿದ್ದಾರೆ, ಅವರು ಆಗ್ತಾರಾ?

ಸಾಮಾನ್ಯವಾಗಿ ಆಗುವುದಿಲ್ಲ. ಬ್ರಿಟನ್ನಿನಲ್ಲೇ ವಾಸವಿರುವ, ಸಂಬಳ ಅಥವಾ ಸ್ವಂತ ಮನೆ ಇರುವವರನ್ನೇ ಕೇಳುತ್ತಾರೆ. ದುಡ್ಡು ಬರದಿದ್ದರೆ ಇಲ್ಲಿನ ಕೋರ್ಟಿಗೆ ಹೋಗಬೇಕಲ್ಲ, ಅದಕ್ಕೆ. ಜಾಮೀನು ನಿಲ್ಲುವವರ ಸಂಬಳವನ್ನು ನಿಮ್ಮದಕ್ಕಿಂತ ಬಿಗಿಯಾಗಿ ಅಳೆಯುತ್ತಾರೆ, ಬಾಡಿಗೆಯ 36 ಪಟ್ಟು ಕೇಳುವವರೂ ಇದ್ದಾರೆ.

ಸ್ನೇಹಿತರನ್ನು ಕೇಳುವಾಗ ಒಂದು ಮಾತು. ಅವರು ಸಹಿ ಹಾಕುವುದು ಬಾಡಿಗೆಗೆ ಮಾತ್ರವಲ್ಲ, ಮನೆ ಹಾಳಾದರೆ ಅದರ ಖರ್ಚಿಗೂ ಇರಬಹುದು. ಜಂಟಿ ಬಾಡಿಗೆಯಾದರೆ ನಿಮ್ಮ ಜೊತೆಗಿರುವವರ ಪಾಲಿಗೂ ಇರಬಹುದು. ಕಾಗದವನ್ನು ಅವರ ಜೊತೆ ಕೂತು ಓದಿ. ಐವಿಎ ವಿಷಯವನ್ನೂ ಅವರಿಗೆ ಹೇಳಿ. ಹೇಳದೆ ಸಹಿ ಹಾಕಿಸಿಕೊಂಡರೆ ಸ್ನೇಹಕ್ಕೇ ಪೆಟ್ಟು. ಯಾರೂ ಸಿಗದಿದ್ದರೆ ಫೀಸ್ ತೆಗೆದುಕೊಂಡು ಜಾಮೀನು ನಿಲ್ಲುವ ಕಂಪನಿಗಳಿವೆ. ಅವರೂ ತಪಾಸಣೆ ಮಾಡುತ್ತಾರೆ, ಫೀಸ್ ವಾಪಸ್ ಬರುವುದಿಲ್ಲ. ಐವಿಎ ಇದ್ದರೂ ಒಪ್ಪುತ್ತಾರಾ ಅಂತ ಮೊದಲೇ ಬರೆದು ಕೇಳಿ.

ಮನೆಯನ್ನು ಹೆಂಡತಿ ಹೆಸರಲ್ಲಿ ಮಾತ್ರ ತೆಗೆದುಕೊಂಡರೆ?

ಅವರೊಬ್ಬರ ಸಂಬಳಕ್ಕೆ ಬಾಡಿಗೆ ಹೊಂದಿದರೆ ಇದು ನೇರವಾದ, ಸರಿಯಾದ ದಾರಿ. ಗಂಡನ ಐವಿಎ ಹೆಂಡತಿಯ ಕ್ರೆಡಿಟ್ ಫೈಲಿಗೆ ಮದುವೆಯಾದ ಮಾತ್ರಕ್ಕೆ ಅಂಟುವುದಿಲ್ಲ, ಒಂದೇ ವಿಳಾಸದಲ್ಲಿದ್ದ ಮಾತ್ರಕ್ಕೂ ಅಂಟುವುದಿಲ್ಲ. ಜಂಟಿ ಖಾತೆ, ಜಂಟಿ ಸಾಲ ಇದ್ದರೆ ಮಾತ್ರ ಇಬ್ಬರ ಫೈಲಿಗೂ ಕೊಂಡಿ ಬೀಳುತ್ತದೆ. ಆ ಖಾತೆ ಮುಚ್ಚಿದ್ದರೆ ಕೊಂಡಿ ತೆಗೆಯಿರಿ ಅಂತ ಮೂರೂ ಏಜೆನ್ಸಿಗೆ ಅರ್ಜಿ ಹಾಕಬಹುದು.

ಆದರೆ ನೀವು ಆ ಮನೆಯಲ್ಲಿ ಇರುತ್ತೀರಿ ಅನ್ನುವುದನ್ನು ಮುಚ್ಚಿಡಬೇಡಿ. ಇಂಗ್ಲೆಂಡಿನಲ್ಲಿ 18 ದಾಟಿದ ಎಲ್ಲರ ರೈಟ್ ಟು ರೆಂಟ್ (ಇಲ್ಲಿ ಬಾಡಿಗೆಗೆ ಇರುವ ಹಕ್ಕು) ತಪಾಸಣೆ ಆಗಲೇಬೇಕು, ವೀಸಾದಲ್ಲಿರುವವರು ಅದಕ್ಕೆ ಆನ್‌ಲೈನ್‌ನಲ್ಲಿ ಸಿಗುವ ಶೇರ್ ಕೋಡ್ ಕೊಡಬೇಕು. ಜೊತೆಗೆ ವಾಸಿಸುವವರು ಅಂತ ನಿಮ್ಮ ಹೆಸರು ಬರೆಸಿ. ಕೆಲವು ಏಜೆಂಟರು ಇದಕ್ಕೆ ಒಪ್ಪುವುದಿಲ್ಲ, ದೊಡ್ಡವರೆಲ್ಲರ ಹೆಸರೂ ಕರಾರಿನಲ್ಲಿ ಇರಬೇಕು ಅನ್ನುತ್ತಾರೆ. ಆಗ ಬೇರೆ ಮನೆ ನೋಡಬೇಕಾಗುತ್ತದೆ, ಅಷ್ಟೇ.

ಐವಿಎ ಮಾಡಿಸಿದರೆ ಈಗಿರುವ ಮನೆಯಿಂದ ಹೊರಗೆ ಹಾಕ್ತಾರಾ?

ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ ಇದೇ, ನನಗೂ ಕೆಡಿಸಿತ್ತು.

ನೀವು ಬಾಡಿಗೆಯನ್ನು ಸರಿಯಾಗಿ ಕಟ್ಟುತ್ತಿದ್ದರೆ ಓನರ್‌ಗೆ ನೀವು ಕೊಡಬೇಕಾದ ಸಾಲ ಏನೂ ಇಲ್ಲ. ಹಾಗಾಗಿ ಐವಿಎ ಪತ್ರ ಅವರಿಗೆ ಹೋಗುವುದಿಲ್ಲ. ಕೆಲವು ಬಾಡಿಗೆ ಕರಾರುಗಳಲ್ಲಿ, ಬಾಡಿಗೆದಾರ ದಿವಾಳಿಯಾದರೆ ಅಥವಾ ಸಾಲ ಕೊಟ್ಟವರ ಜೊತೆ ಒಪ್ಪಂದ ಮಾಡಿಕೊಂಡರೆ ಓನರ್ ಮನೆ ವಾಪಸ್ ಕೇಳಬಹುದು ಎಂಬ ಸಾಲು ಇರುತ್ತದೆ. ಐವಿಎಗೆ ಸಹಿ ಹಾಕುವ ಮೊದಲು ನಿಮ್ಮ ಕರಾರು ತೆಗೆದು ಆ ಸಾಲು ಇದೆಯಾ ನೋಡಿ, ಇದ್ದರೆ ಸಲಹೆಗಾರರಿಗೆ ತೋರಿಸಿ. ಆದರೆ ಆ ಸಾಲು ಇದ್ದ ಮಾತ್ರಕ್ಕೆ ಓನರ್ ಬಂದು ಬೀಗ ಹಾಕುವಂತಿಲ್ಲ. ನೀವಾಗಿ ಬಿಡದ ಹೊರತು ಕೋರ್ಟ್ ಆದೇಶ ಬೇಕೇ ಬೇಕು. ಮನೆ ಬಿಡಿಸಲು ಕಾಯ್ದೆಯಲ್ಲಿ ಪಟ್ಟಿ ಮಾಡಿರುವ ಕಾರಣಗಳಲ್ಲಿ ಐವಿಎ ಮಾಡಿಕೊಂಡಿದ್ದಾರೆ ಅನ್ನುವುದು ಒಂದು ಕಾರಣವಲ್ಲ.

ಮೊದಲು ಅಪಾಯ ಇದ್ದದ್ದು ಹಳೆಯ ಬಾಡಿಗೆ ಕಾನೂನಿನ ಸೆಕ್ಷನ್ 21ರಲ್ಲಿ. ಕಾರಣವನ್ನೇ ಹೇಳದೆ ಎರಡು ತಿಂಗಳ ನೋಟಿಸ್ ಕೊಡಬಹುದಿತ್ತು. ಹೊಸ ಕಾಯ್ದೆ ಅದನ್ನೂ 2026ರ ಮೇ 1ರಿಂದ ತೆಗೆಯುತ್ತದೆ.

ಬಾಡಿಗೆ ಎರಡು ತಿಂಗಳು ಬಾಕಿ ಇದೆ. ಅದನ್ನೂ ಐವಿಎಗೆ ಸೇರಿಸಬಹುದಾ?

ಹಳೆಯ, ಬಿಟ್ಟುಬಂದ ಮನೆಯ ಬಾಕಿಯಾದರೆ ಅದು ಉಳಿದ ಸಾಲಗಳಂತೆಯೇ, ಸೇರಿಸಬಹುದು. ಈಗ ವಾಸವಿರುವ ಮನೆಯ ಬಾಕಿ ಬೇರೆ ಮಾತು. ಸೇರಿಸಿದರೂ ಮನೆ ಉಳಿಯುತ್ತದೆ ಅನ್ನುವ ಖಾತರಿ ಇಲ್ಲ. ಅದಕ್ಕೇ ಸಲಹೆಗಾರರು ಬಾಡಿಗೆಯನ್ನು ಮೊದಲು ತೀರಿಸಬೇಕಾದ ಸಾಲ ಅನ್ನುತ್ತಾರೆ. ಕ್ರೆಡಿಟ್ ಕಾರ್ಡ್ ಕಂತು ತಪ್ಪಿದರೆ ಪತ್ರ ಬರುತ್ತದೆ. ಬಾಡಿಗೆ ತಪ್ಪಿದರೆ ಸೂರು ಹೋಗುತ್ತದೆ. ನಮ್ಮವರು ಎಷ್ಟೋ ಜನ ಇದನ್ನು ತಿರುಗಾಮುರುಗ ಮಾಡುತ್ತಾರೆ. ಬ್ಯಾಂಕಿನವರು ದಿನಾ ಫೋನ್ ಮಾಡುತ್ತಾರೆ, ಓನರ್ ಒಳ್ಳೆಯವರು ಸುಮ್ಮನಿದ್ದಾರೆ ಅಂತ ಬ್ಯಾಂಕಿಗೆ ಕಟ್ಟಿ ಬಾಡಿಗೆ ನಿಲ್ಲಿಸುತ್ತಾರೆ. ಜೋರಾಗಿ ಕೇಳುವವರಿಗೆ ಮೊದಲು ಕೊಡಬೇಡಿ. ಬಾಡಿಗೆ ಮೊದಲು.

ಹೊಸ ನಿಯಮದಲ್ಲಿ ಮೂರು ತಿಂಗಳ ಬಾಕಿಯಾದರೆ ಓನರ್ ನಾಲ್ಕು ವಾರದ ನೋಟಿಸ್ ಕೊಟ್ಟು ಕೋರ್ಟಿಗೆ ಹೋಗಬಹುದು. ವಿಚಾರಣೆ ದಿನವೂ ಅಷ್ಟು ಬಾಕಿ ಇದ್ದರೆ ಜಡ್ಜ್ ಮನೆ ಬಿಡಿಸಲೇಬೇಕು. ಅಲ್ಲಿಯವರೆಗೆ ಬಿಡಬೇಡಿ. ಉಸಿರಾಡಲು ಸಮಯ ಬೇಕಿದ್ದರೆ 2021ರ ಮೇ 4ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬ್ರೀದಿಂಗ್ ಸ್ಪೇಸ್ ಯೋಜನೆ ಇದೆ. ಸಲಹೆಗಾರರ ಮೂಲಕ ಅರ್ಜಿ ಹಾಕಬೇಕು. 60 ದಿನ ಆ ಬಾಕಿಗಾಗಿ ಓನರ್ ನೋಟಿಸ್ ಕೊಡುವಂತಿಲ್ಲ. ಆ 60 ದಿನದ ಬಾಡಿಗೆ ಮಾತ್ರ ಕಟ್ಟುತ್ತಲೇ ಇರಬೇಕು.

ಐವಿಎ ನಡುವೆ ಬಾಡಿಗೆ ಏರಿತು. ಕಂತು ಕಟ್ಟೋಕೆ ಆಗ್ತಿಲ್ಲ.

ಅವತ್ತೇ ಸೂಪರ್‌ವೈಸರ್‌ಗೆ ಬರೆಯಿರಿ, ಏರಿಕೆಯ ನೋಟಿಸ್ ಜೊತೆಗಿಡಿ. ಬಾಡಿಗೆ ನಿಮ್ಮ ಖರ್ಚಿನ ಪಟ್ಟಿಯಲ್ಲಿ ಇರುವ ಬಾಬ್ತು, ಅದು ಬದಲಾದರೆ ಕಂತನ್ನೂ ಮತ್ತೆ ಲೆಕ್ಕ ಹಾಕಿ ಅಂತ ಕೇಳುವ ಹಕ್ಕು ನಿಮಗಿದೆ. ಹೇಳದೆ ಕಂತು ತಪ್ಪಿಸಿದರೆ ಐವಿಎ ಮುರಿಯಬಹುದು. ಆಗ ಬಡ್ಡಿ ಸಮೇತ ಸಾಲ ವಾಪಸ್ ಬರುತ್ತದೆ.

ಮನೆ ಬದಲಿಸುವಾಗಲೂ ಹಾಗೆಯೇ. ಹೆಚ್ಚಿನ ಬಾಡಿಗೆಯ ಮನೆಗೆ ಹೋಗುವ ಮೊದಲು ಮಾತಾಡಿ. ಶಾಲೆ, ಕೆಲಸ, ಮನೆಯ ಗೋಡೆಗೆ ತೇವ ಹಿಡಿದು ಮಗುವಿಗೆ ಕೆಮ್ಮು, ಇಂಥ ಕಾರಣಗಳನ್ನು ಕೇಳಿಸಿಕೊಳ್ಳುತ್ತಾರೆ.

ಡಿಪಾಸಿಟ್ಟಿಗೆ ಸ್ನೇಹಿತರಿಂದ ಕೈಸಾಲ ಮಾಡಬಹುದಾ?

ಕೈಸಾಲವೂ ಸಾಲವೇ. ಐವಿಎಯ ಸಾಮಾನ್ಯ ಷರತ್ತಿನ ಪ್ರಕಾರ 500 ಪೌಂಡಿಗಿಂತ ಹೆಚ್ಚು ಸಾಲಕ್ಕೆ ಸೂಪರ್‌ವೈಸರ್ ಬರೆದು ಕೊಟ್ಟ ಒಪ್ಪಿಗೆ ಬೇಕು. ಕಷ್ಟ ಇರುವುದು ಹಳೆಯ ಮನೆಯ ಡಿಪಾಸಿಟ್ ಕೈಗೆ ಬರುವ ಮೊದಲೇ ಹೊಸದಕ್ಕೆ ಕೊಡಬೇಕಲ್ಲ, ಅಲ್ಲಿ. ಈ ನಡುವಿನ ಎರಡು ಮೂರು ವಾರಕ್ಕೆ ಅಂತ ಸ್ಪಷ್ಟವಾಗಿ ಬರೆದು ಒಪ್ಪಿಗೆ ಕೇಳಿ. ನಾನು ಕೇಳಿದೆ, ಕೊಟ್ಟರು.

ಊರಿನ ಸಾಲ, ಊರಿನ ಸೈಟು ಇವಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬಾಡಿಗೆಗೆ ಇಲ್ಲ. ಭಾರತದ ಸಿಬಿಲ್ ಸ್ಕೋರ್ ಇಲ್ಲಿನ ಏಜೆಂಟಿಗೆ ಕಾಣುವುದಿಲ್ಲ. ಐವಿಎಗೆ ಸಂಬಂಧ ಇದೆ. ಪ್ರಪಂಚದ ಯಾವ ಮೂಲೆಯಲ್ಲಿರುವ ಆಸ್ತಿಯನ್ನೂ ಸಾಲವನ್ನೂ ಹೇಳಬೇಕು. ಮೈಸೂರಿನ ಸೈಟು, ತೋಟದಲ್ಲಿ ಪಾಲು, ಎಲ್ಲ. "ಇವರಿಗೆಲ್ಲಿ ಗೊತ್ತಾಗುತ್ತೆ" ಅನ್ನುವವರ ಮಾತು ಕೇಳಬೇಡಿ. ಐವಿಎಗೆ ಒಪ್ಪಿಗೆ ಪಡೆಯಲು ಸುಳ್ಳು ಹೇಳುವುದು ಇಲ್ಲಿ ಅಪರಾಧ.

ಕೌನ್ಸಿಲ್ ಮನೆ ಸಿಗುತ್ತಾ?

ಐವಿಎ ಅಡ್ಡಿಯಲ್ಲ, ಹಳೆಯ ಬಾಡಿಗೆ ಬಾಕಿ ಅಡ್ಡಿಯಾಗಬಹುದು. ಆದರೆ ನಮ್ಮಲ್ಲಿ ಹೆಚ್ಚಿನವರದು ಸರ್ಕಾರಿ ಸೌಲಭ್ಯ ಇಲ್ಲ ಅಂತ ಬರೆದ ವರ್ಕ್ ವೀಸಾ. ಅವರಿಗೆ ಈ ದಾರಿ ಇಲ್ಲ.

ನಾನು ಸ್ಕಾಟ್ಲೆಂಡಿನಲ್ಲಿದ್ದೇನೆ.

ಅಲ್ಲಿ ಐವಿಎ ಇಲ್ಲ. ಅದರ ಜಾಗದಲ್ಲಿ ಪ್ರೊಟೆಕ್ಟೆಡ್ ಟ್ರಸ್ಟ್ ಡೀಡ್ ಇದೆ, ಸಾಮಾನ್ಯವಾಗಿ 4 ವರ್ಷ. ಅದೂ ಸಾರ್ವಜನಿಕ ರಿಜಿಸ್ಟರಿನಲ್ಲಿ ಕಾಣುತ್ತದೆ. ಡಿಪಾಸಿಟ್ ಎರಡು ತಿಂಗಳ ಬಾಡಿಗೆಯವರೆಗೆ ಕೇಳಬಹುದು. ಬಾಡಿಗೆ ಕಾನೂನೂ ಬೇರೆ, ಮೇಲೆ ಹೇಳಿದ ಹೊಸ ಕಾಯ್ದೆಯ ಬಾಡಿಗೆ ನಿಯಮಗಳನ್ನು ಅಲ್ಲಿಗೆ ಹಚ್ಚಬೇಡಿ.

ಇನ್ನೂ ಸಹಿ ಹಾಕಿಲ್ಲ. ಬಾಡಿಗೆ ಮನೆಯವರಿಗೆ ಐವಿಎಗಿಂತ ಬೇರೆ ದಾರಿ ಇದೆಯಾ?

ಇದೆ, ಮತ್ತು ಇದನ್ನು ಎಲ್ಲರಿಗಿಂತ ಮೊದಲು ಯೋಚಿಸಬೇಕಾದವರು ಬಾಡಿಗೆ ಮನೆಯವರೇ. ಸ್ವಂತ ಮನೆ ಇದ್ದವರಿಗೆ ಮನೆ ಉಳಿಸಿಕೊಳ್ಳಲು ಐವಿಎ ಬೇಕಾಗಬಹುದು. ನಮಗೆ ಉಳಿಸಿಕೊಳ್ಳಲು ಮನೆ ಇಲ್ಲ. ಸಾಲ 50,000 ಪೌಂಡ್ ಒಳಗಿದ್ದು, ಹೇಳಿಕೊಳ್ಳುವಂಥ ಆಸ್ತಿ ಇಲ್ಲದೆ, ತಿಂಗಳಿಗೆ 75 ಪೌಂಡ್‌ವರೆಗೆ ಮಾತ್ರ ಉಳಿಯುತ್ತಿದ್ದರೆ ಡೆಟ್ ರಿಲೀಫ್ ಆರ್ಡರ್ (ಸಾಲ ಮನ್ನಾ ಮಾಡುವ ಆದೇಶ) ಕೇಳಿ ನೋಡಿ. ಸಾಮಾನ್ಯವಾಗಿ ಒಂದು ವರ್ಷಕ್ಕೆ ಮುಗಿಯುತ್ತದೆ, 2024ರ ಏಪ್ರಿಲ್‌ನಿಂದ ಅದಕ್ಕೆ ಫೀಸೂ ಇಲ್ಲ. ಪೂರ್ತಿ ಸಾಲ ತೀರಿಸುವ ಶಕ್ತಿ ಇದ್ದು ಸಮಯ ಮಾತ್ರ ಬೇಕಿದ್ದರೆ ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್ ಇದೆ. ಅದು ಸಾರ್ವಜನಿಕ ರಿಜಿಸ್ಟರಿಗೆ ಹೋಗುವುದಿಲ್ಲ. ಮನೆ ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ.

ಫೇಸ್‌ಬುಕ್ಕಿನಲ್ಲಿ "ಸರ್ಕಾರದ ಯೋಜನೆ, 80% ಸಾಲ ಮನ್ನಾ" ಅಂತ ಬರುವ ಜಾಹೀರಾತಿಗೆ ನಂಬರ್ ಕೊಡಬೇಡಿ. ಐವಿಎ ನಡೆಸುವವರ ಫೀಸ್ ನಿಮ್ಮ ಕಂತಿನಿಂದಲೇ ಹೋಗುತ್ತದೆ. ನಿಮಗೆ ಯಾವುದು ಒಳ್ಳೆಯದು ಅನ್ನುವುದಕ್ಕಿಂತ ತಮಗೆ ಯಾವುದು ಲಾಭ ಅಂತ ನೋಡುವವರೂ ಅಲ್ಲಿದ್ದಾರೆ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಇವು ಉಚಿತ. ಮೊದಲ ಫೋನ್ ಇವರಿಗೇ ಹೋಗಲಿ.

ಐವಿಎ ಮುಗಿದ ಮೇಲೆ ಎಷ್ಟು ದಿನಕ್ಕೆ ಎಲ್ಲ ಅಳಿಸಿಹೋಗುತ್ತದೆ?

ಮುಗಿದಾಗ ಕಂಪ್ಲೀಷನ್ ಸರ್ಟಿಫಿಕೇಟ್ ಕೊಡುತ್ತಾರೆ. ಮೂರು ತಿಂಗಳೊಳಗೆ ರಿಜಿಸ್ಟರಿನಿಂದ ಹೆಸರು ಹೋಗುತ್ತದೆ. ಕ್ರೆಡಿಟ್ ಫೈಲಿನ ಗುರುತು ಶುರುವಿನಿಂದ 6 ವರ್ಷಕ್ಕೆ ಹೋಗುತ್ತದೆ, ಐವಿಎ ಅದಕ್ಕಿಂತ ಉದ್ದ ನಡೆದರೆ ಮುಗಿಯುವವರೆಗೆ ಇರುತ್ತದೆ. ನೀವು 5 ವರ್ಷಕ್ಕೆ ಮುಗಿಸಿದ್ದರೆ ನಡುವೆ ಒಂದು ವರ್ಷ ಗುರುತು ಇದ್ದೇ ಇರುತ್ತದೆ. ಆ ವರ್ಷದಲ್ಲಿ ಮನೆ ಹುಡುಕಿದರೆ ಸರ್ಟಿಫಿಕೇಟ್ ಕಾಪಿಯನ್ನು ಅರ್ಜಿಯ ಜೊತೆಗೇ ಕೊಡಿ.

ಮೂರೂ ಏಜೆನ್ಸಿಗಳ ಫೈಲ್ ತರಿಸಿ ನೋಡಿ, ಅದಕ್ಕೆ ದುಡ್ಡು ಬೇಕಿಲ್ಲ. ಐವಿಎಯಲ್ಲಿದ್ದ ಪ್ರತಿ ಸಾಲದ ಡಿಫಾಲ್ಟ್ ದಿನ (ಸಾಲ ಕಟ್ಟದೆ ಕೈಬಿಟ್ಟರು ಅಂತ ಫೈಲಿನಲ್ಲಿ ಬರೆದ ದಿನ) ಐವಿಎ ಶುರುವಾದ ದಿನಕ್ಕಿಂತ ಆಚೆಗೆ ಇರಬಾರದು. ನನ್ನ ಒಂದು ಕಾರ್ಡಿನದು ಹದಿನಾಲ್ಕು ತಿಂಗಳು ಆಚೆಗಿತ್ತು. ಸರ್ಟಿಫಿಕೇಟ್ ಜೊತೆ ಪತ್ರ ಬರೆದೆ, ಐದು ವಾರದಲ್ಲಿ ತಿದ್ದಿದರು.